ಮೊದಲ ಪ್ರೋಗ್ರಾಮಿಂಗ್ ಭಾಷೆ ಯಾವುದಿರಲಿ? ಒಂದು ಕಬ್ಬಿನ ಬಿಲ್ಲಿಟ್ಟುಕೊಂಡು ಐದು ಭಾಷೆಗಳ ಹೋಲಿಕೆ

ಪಿಯು ಪರೀಕ್ಷೆ ಮುಗಿದು ಕಾಲೇಜು ಶುರುವಾಗುವವರೆಗಿನ ಬಿಡುವಿನಲ್ಲಿ ಮಂಡ್ಯದ ನೆಂಟರಿಂದಲೂ ಮೈಸೂರಿನ ನೆರೆಹೊರೆಯವರಿಂದಲೂ ನನಗೆ ಪ್ರತಿ ವರ್ಷ ತಪ್ಪದೆ ಬರುವ ಪ್ರಶ್ನೆಯೊಂದಿದೆ: ಪ್ರೋಗ್ರಾಮಿಂಗ್ ಕಲಿಯಬೇಕೆಂದಿರುವ ಮಗನೋ ಮಗಳೋ ಮೊದಲು ಯಾವ ಭಾಷೆಯನ್ನು ಹಿಡಿಯಬೇಕು? ಕೇಳುವವರು ಅಷ್ಟರಲ್ಲಾಗಲೇ ಹತ್ತು ಕಡೆ ವಿಚಾರಿಸಿರುತ್ತಾರೆ. ಪೈಥಾನ್ ಬಲು ಸುಲಭವಂತೆ, ಸಿ ಕಲಿಯದಿದ್ದರೆ ಬುನಾದಿಯೇ ಇರುವುದಿಲ್ಲವಂತೆ, ಜಾವಾ ಬಂದರೆ ಕಂಪನಿ ಕೆಲಸ ಖಚಿತವಂತೆ, ಸ್ಕ್ರ್ಯಾಚ್ ಮಕ್ಕಳಾಟವಂತೆ. ಪ್ರೋಗ್ರಾಮಿಂಗ್ ಭಾಷೆಗಳ ಖ್ಯಾತಿ ಎಂಬುದು ಬಹುಮಟ್ಟಿಗೆ ಈ ‘ಅಂತೆ’ಗಳಿಂದಲೇ ಆದದ್ದು. ಅವುಗಳಲ್ಲಿ ಸತ್ಯಾಂಶ ಇಲ್ಲವೆಂದಲ್ಲ. ಆದರೆ ಯಾರಿಗೆ, ಯಾವ ಕೆಲಸಕ್ಕೆ, ಯಾವ ಯಂತ್ರದ ಮೇಲೆ ಎಂಬುದನ್ನು ಬಿಟ್ಟು ಆಡಿದ ಮಾತುಗಳಾದ್ದರಿಂದ ಆಯ್ಕೆ ಮಾಡುವವನಿಗೆ ಅವು ದಾರಿ ತೋರಿಸುವುದಿಲ್ಲ.

ಖ್ಯಾತಿ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಬೇಸಿಕ್ ಭಾಷೆಯ ಕಥೆಯೇ ಸಾಕು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ 1964ರಲ್ಲಿ ಅದನ್ನು ರೂಪಿಸಿದ್ದು ವಿಜ್ಞಾನ, ಗಣಿತ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಲಿ ಎಂಬ ಉದ್ದೇಶದಿಂದ. ಹನ್ನೊಂದು ವರ್ಷಗಳ ನಂತರ, 1975ರಲ್ಲಿ, ಡೈಕ್‌ಸ್ಟ್ರಾ ಎಂಬ ಹೆಸರಾಂತ ಕಂಪ್ಯೂಟರ್ ವಿಜ್ಞಾನಿ ಬೇಸಿಕ್ ಕಲಿತವರಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಹೇಳಿಕೊಡುವುದೇ ಅಸಾಧ್ಯವೆಂಬಷ್ಟು ಕಟುವಾಗಿ ಬರೆದರು. ಅದೇ ವರ್ಷ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಆಲ್ಟೇರ್ ಎಂಬ ಪುಟ್ಟ ಕಂಪ್ಯೂಟರಿಗೆ ಬೇಸಿಕ್ ಅಳವಡಿಸಿ ಮೈಕ್ರೋಸಾಫ್ಟ್ ಕಟ್ಟಿದರು. ಮುಂದೆ ನಮ್ಮ ದೇಶದ ಎಷ್ಟೋ ಶಾಲೆಗಳಲ್ಲಿ ಒಂದು ತಲೆಮಾರು ಮೊದಲು ಒತ್ತಿದ ಕೀಲಿಗಳು ಬೇಸಿಕ್‌ನವೇ. ಆ ಮಕ್ಕಳಲ್ಲಿ ಅನೇಕರು ಉತ್ತಮ ಎಂಜಿನಿಯರುಗಳಾದರು. ಮೊದಲ ಭಾಷೆಯಿಂದ ಯಾರ ಬುದ್ಧಿಯೂ ಕೆಡುವುದಿಲ್ಲ. ಹೊಂದದ ಭಾಷೆ ಸಿಕ್ಕಿ ಮೂರನೇ ವಾರಕ್ಕೆ ಕಲಿಕೆಯನ್ನೇ ಕೈಬಿಡುವುದು ಮಾತ್ರ ನಿಜವಾದ ನಷ್ಟ. ನಾನು ತಪ್ಪಿಸಬೇಕೆಂದಿರುವುದು ಅದನ್ನೇ.

ಅಳೆಯುವುದು ಹೇಗೆ

ಹೆಚ್ಚಿನವರು ಸುಲಭವೆಂಬುದನ್ನು ಮೊದಲ ಸಾಲಿನಿಂದ ಅಳೆಯುತ್ತಾರೆ. ಪರದೆಯ ಮೇಲೆ ‘ನಮಸ್ಕಾರ’ ಎಂದು ಮೂಡಿಸಲು ಪೈಥಾನ್‌ನಲ್ಲಿ ಒಂದು ಸಾಲು ಸಾಕು, ಜಾವಾದಲ್ಲಿ ಐದು ಸಾಲು ಬೇಕು ಎನ್ನುತ್ತಾರೆ. ಆ ಐದು ಸಾಲನ್ನು ನೋಡಿಕೊಂಡು ಬರೆಯಲು ಐದು ನಿಮಿಷ ಸಾಕು. ಹೊಸಬರ ಸಮಯವೆಲ್ಲ ಹೋಗುವುದು ತಪ್ಪು ಹುಡುಕುವುದರಲ್ಲಿ. ಆದ್ದರಿಂದ ನನ್ನ ಮೊದಲ ಅಳತೆಗೋಲು ಇದು: ನೀವು ತಪ್ಪಿದಾಗ ಭಾಷೆ ಬಾಯಿಬಿಟ್ಟು ಹೇಳುತ್ತದೆಯೋ, ಸುಮ್ಮನಿದ್ದು ತಪ್ಪು ಉತ್ತರ ಕೊಡುತ್ತದೆಯೋ? ಎರಡನೆಯದು, ಮನೆಯಲ್ಲಿ ಈಗಾಗಲೇ ಇರುವ ಯಂತ್ರದ ಮೇಲೆ, ಅದು ಹಳೆಯ ಲ್ಯಾಪ್‌ಟಾಪೇ ಆಗಲಿ ಬರಿಯ ಮೊಬೈಲೇ ಆಗಲಿ, ಅದು ನಡೆಯುತ್ತದೆಯೇ ಎಂಬುದು. ಮೂರನೆಯದು, ಆರು ತಿಂಗಳ ನಂತರ ಆ ಭಾಷೆಯಲ್ಲಿ ನಿಮಗೆ ಬೇಕಾದ ಏನನ್ನು ಮಾಡಬಹುದು ಎಂಬುದು. ನಾಲ್ಕನೆಯದನ್ನು ಬೇರೆ ಊರಿನವರು ಕೇಳಲಿಕ್ಕಿಲ್ಲ, ನಾವು ಕೇಳಲೇಬೇಕು: ಕನ್ನಡವನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ?

ಪರೀಕ್ಷೆಗೆ ಇಟ್ಟುಕೊಂಡ ಲೆಕ್ಕ ನಮ್ಮ ಕಡೆಯದೇ. ಕಾರ್ಖಾನೆಗೆ ಎರಡು ಲೋಡು ಕಬ್ಬು ಹೋಗಿದೆ, ಒಂದು 18 ಟನ್, ಇನ್ನೊಂದು 22 ಟನ್. ಲೆಕ್ಕ ಸರಳವಾಗಿರಲೆಂದು ಟನ್ನಿಗೆ 3000 ರೂಪಾಯಿ ಎಂದುಕೊಳ್ಳೋಣ. ಎರಡೂ ತೂಕವನ್ನು ಕೀಲಿಮಣೆಯಿಂದ ಕೇಳಿ, ಕೂಡಿಸಿ, ದರದಿಂದ ಗುಣಿಸಿದರೆ 1,20,000 ಬರಬೇಕು. ಇಷ್ಟು ಸಣ್ಣ ಲೆಕ್ಕದಲ್ಲಿ ಸಿ, ಪೈಥಾನ್, ಜಾವಾಸ್ಕ್ರಿಪ್ಟ್, ಜಾವಾ, ಸ್ಕ್ರ್ಯಾಚ್ ಎಂಬ ಐದರಲ್ಲಿ ಒಂದೊಂದು ಭಾಷೆಯ ಸ್ವಭಾವವೂ ಬಯಲಾಗುತ್ತದೆ.

ಸಿ: ಬುನಾದಿ ಎಂಬ ಹೆಸರು

ಈ ಲೆಕ್ಕವನ್ನು ಮೊದಲ ಬಾರಿ ಮಾಡಿದ್ದು ನಾನು ಕಾಲೇಜಿನಲ್ಲಿದ್ದಾಗ, ನೀಲಿ ಪರದೆಯ ಟರ್ಬೋ ಸಿ ಎಂಬ ಹಳೆಯ ತಂತ್ರಾಂಶದಲ್ಲಿ. ಅಪ್ಪನ ಕೈಯಲ್ಲಿದ್ದ ತೂಕದ ಚೀಟಿ ನೋಡಿಕೊಂಡು ಬರೆದ ಪ್ರೋಗ್ರಾಂ ಒಂದೂ ಎರರ್ ಇಲ್ಲದೆ ಓಡಿತು. ಪರದೆಯ ಮೇಲೆ ಬಂದ ಮೊತ್ತ ಮಾತ್ರ ಮೈನಸ್ 11072. ಎರಡು ದಿನ ಹುಡುಕಿದೆ. ಲ್ಯಾಬಿನಲ್ಲಿ ಕೇಳಿದಾಗ ‘ಸರಿಯಾಗಿ ಟೈಪ್ ಮಾಡು’ ಎಂಬ ಉತ್ತರ ಬಂತು. ಕಾರಣ ತಿಳಿಯಲು ವರ್ಷಗಳೇ ಬೇಕಾದವು. ಆ ಹಳೆಯ ಕಂಪೈಲರಿನಲ್ಲಿ, ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶದಲ್ಲಿ, ಪೂರ್ಣಾಂಕಕ್ಕೆ ಮೀಸಲಾದ ಜಾಗ ಎರಡೇ ಬೈಟ್, ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಅದನ್ನು ದಾಟಿದರೆ ಲೆಕ್ಕ ಸುತ್ತು ಹೊಡೆದು ಋಣ ಸಂಖ್ಯೆಗೆ ಹೋಗುತ್ತದೆ, ಭಾಷೆ ಒಂದು ಮಾತೂ ಆಡುವುದಿಲ್ಲ. ಆ ಎರಡು ದಿನ ನಾನು ನನ್ನ ಗಣಿತವನ್ನೇ ಅನುಮಾನಿಸಿದ್ದೆ. ಹೊಸಬರ ಮೇಲೆ ಮೌನವಾದ ತಪ್ಪು ಮಾಡುವ ಗಾಯ ಅದೇ, ಮತ್ತು ನನ್ನ ಮೊದಲ ಅಳತೆಗೋಲು ಹುಟ್ಟಿದ್ದೂ ಅಲ್ಲಿಂದಲೇ.

ಇಂದಿನ ಜಿಸಿಸಿಯಂಥ ಉಚಿತ ಕಂಪೈಲರುಗಳಲ್ಲಿ ಅದೇ ಪ್ರೋಗ್ರಾಂ ಸರಿಯಾಗಿ 120000 ಎನ್ನುತ್ತದೆ. ಅಲ್ಲಿ ಸಾಮಾನ್ಯ ಪೂರ್ಣಾಂಕ 214 ಕೋಟಿಯವರೆಗೆ ಹಿಡಿಯುತ್ತದೆ. ಆದರೆ ಸ್ವಭಾವ ಬದಲಾಗಿಲ್ಲ. ಕೀಲಿಮಣೆಯಿಂದ ಸಂಖ್ಯೆ ಓದುವಾಗ ಹೆಸರಿನ ಎಡಕ್ಕೆ ಇಡಬೇಕಾದ ಒಂದು ಆಂಪರ್‌ಸೆಂಡ್ (&) ಚಿಹ್ನೆ ಮರೆತರೆ ಪ್ರೋಗ್ರಾಂ ಕುಸಿಯಬಹುದು, ಇಲ್ಲವೇ ಅಡ್ಡಾದಿಡ್ಡಿ ಉತ್ತರ ಕೊಡಬಹುದು. ಎಚ್ಚರಿಕೆಗಳನ್ನೆಲ್ಲ ತೋರಿಸು ಎಂದು ಕಂಪೈಲರಿಗೆ ಕೇಳಿಕೊಂಡಿದ್ದರೆ ಅದು ಮೊದಲೇ ಹೇಳುತ್ತದೆ.

ಹಾಗಾದರೆ ಬುನಾದಿ ಎಂಬ ಖ್ಯಾತಿ ಸುಳ್ಳೇ? ಸುಳ್ಳಲ್ಲ. ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ 1972ರ ಹೊತ್ತಿಗೆ ರೂಪಿಸಿದ ಈ ಭಾಷೆಯಲ್ಲೇ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳು ಬರೆದಿರುವುದು; ನಾವು ದಿನವೂ ಬಳಸುವ ಪೈಥಾನನ್ನು ಓಡಿಸುವ ಪ್ರೋಗ್ರಾಂ ಕೂಡ ಸಿಯಲ್ಲೇ ಇದೆ. ಮೆಮೊರಿ ಎಂದರೇನು, ಒಂದು ಸಂಖ್ಯೆ ಎಷ್ಟು ಜಾಗ ಹಿಡಿಯುತ್ತದೆ ಎಂಬ ಅರಿವು ಸಿಯಲ್ಲಿ ಬರುವಷ್ಟು ಚೆನ್ನಾಗಿ ಬೇರೆಡೆ ಬರುವುದಿಲ್ಲ. ಆದರೆ ಮನೆ ಕಟ್ಟುವಾಗ ಬುನಾದಿ ಮೊದಲು ಬರಬೇಕೆಂಬ ನಿಯಮ ಕಲಿಕೆಗೆ ಅನ್ವಯಿಸಲೇಬೇಕೆಂದಿಲ್ಲ. ವ್ಯಾಕರಣ ಓದುವ ಮೊದಲೇ ಎಲ್ಲರೂ ಮಾತು ಕಲಿತಿರುತ್ತಾರೆ.

ಪೈಥಾನ್: ಸುಲಭ ಎಂಬ ಹೆಸರು

ನೆದರ್‌ಲೆಂಡ್ಸ್‌ನ ಗಿಡೋ ವಾನ್ ರೋಸಮ್ 1989ರ ಡಿಸೆಂಬರಿನಲ್ಲಿ ಕೈಗೆತ್ತಿಕೊಂಡು 1991ರಲ್ಲಿ ಹೊರಬಿಟ್ಟ ಪೈಥಾನಿನ ಹಿಂದೆ, ಕಲಿಸುವುದಕ್ಕೆಂದೇ ರೂಪಿಸಿದ ಎಬಿಸಿ ಎಂಬ ಭಾಷೆಯ ಅನುಭವವಿತ್ತು. ಓದಲು ಹಗುರವಾಗಿರುವ ಗುಣ ಅಲ್ಲಿಂದ ಬಂದದ್ದು. ಸಿಬಿಎಸ್‌ಇಯ 11 ಮತ್ತು 12ನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪಠ್ಯ ಇಂದು ಪೈಥಾನ್‌ನಲ್ಲಿದೆ.

ಆದರೂ ಕಬ್ಬಿನ ಬಿಲ್ಲನ್ನು ನೇರವಾಗಿ ಬರೆದರೆ ಏನಾಗುತ್ತದೆ ನೋಡಿ. ಕೀಲಿಮಣೆಯಿಂದ ಬಂದದ್ದನ್ನೆಲ್ಲ ಪೈಥಾನ್ ಅಕ್ಷರಗಳೆಂದೇ ತಿಳಿಯುತ್ತದೆ. 18 ಮತ್ತು 22ನ್ನು ಕೂಡಿಸು ಎಂದರೆ ಒಂದರ ಪಕ್ಕ ಒಂದಿಟ್ಟು 1822 ಎನ್ನುತ್ತದೆ. ಅದನ್ನು 3000ದಿಂದ ಗುಣಿಸು ಎಂದರೆ 1822 ಎಂಬುದನ್ನೇ ಮೂರು ಸಾವಿರ ಸಲ ಬರೆದು ಪರದೆ ತುಂಬಿಸುತ್ತದೆ. ಇದೂ ತಪ್ಪೇ, ಆದರೆ ಕಣ್ಣಿಗೆ ರಾಚುವ ತಪ್ಪು. ಯಾವ ಹೊಸಬನೂ ಅದನ್ನು ಸರಿಯಾದ ಉತ್ತರವೆಂದು ನಂಬುವುದಿಲ್ಲ. ದರವನ್ನೂ ಕೀಲಿಮಣೆಯಿಂದಲೇ ಕೇಳಿದ್ದರೆ ಪೈಥಾನ್ ನಿಂತು, ಇಂಥ ಸಾಲಿನಲ್ಲಿ ಅಕ್ಷರವನ್ನು ಅಕ್ಷರದಿಂದ ಗುಣಿಸಲಾಗದು ಎಂದು ಹೇಳುತ್ತದೆ. 2021ರ ಅಕ್ಟೋಬರಿನಲ್ಲಿ ಬಂದ 3.10ನೇ ಆವೃತ್ತಿಯಿಂದ ಈ ದೋಷಸೂಚನೆಗಳ ಮಾತು ಇನ್ನೂ ತಿಳಿಯಾಗಿದೆ: ಮುಚ್ಚದ ಆವರಣ ಯಾವುದೆಂದು ತೋರಿಸುತ್ತದೆ, ಹೆಸರಿನ ಕಾಗುಣಿತ ತಪ್ಪಿದ್ದರೆ ‘ಇದನ್ನೇ ಹೇಳಿದಿರಾ’ ಎಂದು ಕೇಳುತ್ತದೆ. ಸೂಚನೆಗಳು ಇಂಗ್ಲಿಷಿನಲ್ಲೇ ಇದ್ದರೂ ವಾಕ್ಯಗಳು ಚಿಕ್ಕವು, ಮತ್ತೆ ಮತ್ತೆ ಬರುವ ಪದಗಳು ಇಪ್ಪತ್ತು ಮೂವತ್ತು ಮಾತ್ರ. ಕನ್ನಡ ಮಾಧ್ಯಮದ ಮಕ್ಕಳು ಅವನ್ನೊಂದು ನೋಟ್‌ಬುಕ್ಕಿನಲ್ಲಿ ಅರ್ಥಸಹಿತ ಬರೆದಿಟ್ಟುಕೊಂಡರೆ ತಿಂಗಳೊಳಗೆ ಅಂಜಿಕೆ ಹೋಗುತ್ತದೆ.

ಕನ್ನಡದ ವಿಷಯದಲ್ಲಿ ಪೈಥಾನ್ ಅಚ್ಚರಿಯಷ್ಟು ಉದಾರಿ. ‘ಟನ್’, ‘ದರ’, ‘ಮೊತ್ತ’ ಎಂದು ಕನ್ನಡದಲ್ಲೇ ಹೆಸರಿಟ್ಟು ಲೆಕ್ಕ ಬರೆಯಬಹುದು. ತೂಕವನ್ನು ಕನ್ನಡ ಅಂಕಿಯಲ್ಲಿ ೧೮ ಎಂದು ಕೊಟ್ಟರೂ ಅದನ್ನು ಸಂಖ್ಯೆಯಾಗಿ ಓದಿಕೊಳ್ಳುತ್ತದೆ. ನಾನು ಹೇಳಿಕೊಡುವಾಗ ಮಕ್ಕಳ ಮುಖ ಅರಳುವ ಗಳಿಗೆ ಅದು. ಒಂದು ತೊಡಕು ಗೊತ್ತಿರಲಿ. ‘ಲೋಡ್‌ತೂಕ’ ಎಂಬಂಥ ಹೆಸರಿನಲ್ಲಿ ತ ಒತ್ತಾಗದಂತೆ ತಡೆಯಲು ನಾವು ಟೈಪಿಸುವ ಕಣ್ಣಿಗೆ ಕಾಣದ ಅಕ್ಷರವನ್ನು ಪೈಥಾನ್ ಒಪ್ಪುವುದಿಲ್ಲ. ‘ಲೋಡುತೂಕ’ ಎಂದರೆ ತಕರಾರಿಲ್ಲ. ‘ಮಂಡ್ಯ’ ಪದದ ಉದ್ದ ಕೇಳಿದರೆ ಎರಡು ಅಕ್ಷರವೆನ್ನದೆ 5 ಎನ್ನುತ್ತದೆ, ಏಕೆಂದರೆ ಅನುಸ್ವಾರವನ್ನೂ ಒತ್ತು ಮೂಡಿಸುವ ಚಿಹ್ನೆಯನ್ನೂ ಅದು ಬೇರೆ ಬೇರೆಯಾಗಿ ಎಣಿಸುತ್ತದೆ.

ದೋಷಗಳಿಲ್ಲವೆಂದಲ್ಲ. ಸಾಲಿನ ಎಡ ಅಂಚಿನಲ್ಲಿ ಬಿಡುವ ಜಾಗಕ್ಕೆ ಅರ್ಥವಿರುವ ಭಾಷೆ ಇದು. ಗೆಳೆಯರು ಕಳಿಸಿದ್ದನ್ನು ನಕಲು ಮಾಡುವಾಗ ಆ ಜಾಗ ಕಳೆದುಹೋದರೆ ಪ್ರೋಗ್ರಾಂ ಓಡುವುದಿಲ್ಲ, ಅಥವಾ ಬೇರೆಯೇ ಅರ್ಥದಲ್ಲಿ ಓಡುತ್ತದೆ. ನಿಧಾನ ಎಂಬ ಆಪಾದನೆ ನಿಜ, ಆದರೆ ಹೊಸಬರ ಲೆಕ್ಕಗಳಿಗೆ ಅದು ತಟ್ಟುವುದೇ ಇಲ್ಲ. ಹಳೆಯ ಪುಸ್ತಕ ಕೊಳ್ಳುವವರು ಮಾತ್ರ ಅದು ಪೈಥಾನ್ 3ರದ್ದೇ ಎಂದು ಖಚಿತ ಮಾಡಿಕೊಳ್ಳಬೇಕು. ಎರಡನೇ ಆವೃತ್ತಿಗೆ ಬೆಂಬಲ 2020ರ ಜನವರಿ 1ಕ್ಕೆ ಮುಗಿದಿದೆ, ಅದರ ಉದಾಹರಣೆಗಳಲ್ಲಿ ಎಷ್ಟೋ ಈಗ ಹಾಗೇ ಓಡುವುದಿಲ್ಲ.

ಜಾವಾಸ್ಕ್ರಿಪ್ಟ್, ಜಾವಾ, ಸ್ಕ್ರ್ಯಾಚ್

ಜಾವಾಸ್ಕ್ರಿಪ್ಟಿನ ದೊಡ್ಡ ಆಕರ್ಷಣೆಯೆಂದರೆ ಏನನ್ನೂ ಅಳವಡಿಸಬೇಕಿಲ್ಲ. ಬ್ರೌಸರ್ ಇದ್ದರೆ ಭಾಷೆಯೂ ಇದೆ. ಬರೆದದ್ದು ಕೂಡಲೇ ಪುಟದ ಮೇಲೆ ಕಾಣುತ್ತದೆ, ಗೆಳೆಯರಿಗೆ ಕೊಂಡಿ ಕಳಿಸಿ ತೋರಿಸಬಹುದು, ಆ ಸಂತೋಷವನ್ನು ಕಡೆಗಣಿಸಬಾರದು. ಆದರೆ 1995ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಗಾಗಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಮೊದಲ ರೂಪ ಕೊಟ್ಟ ಈ ಭಾಷೆಯ ಅವಸರ ಇಂದಿಗೂ ಕಾಣುತ್ತದೆ. ನಮ್ಮ ಬಿಲ್ಲಿಗೆ ಅದು ಕೊಡುವ ಉತ್ತರ 5466000. ಎರಡು ತೂಕಗಳನ್ನು ಅಕ್ಷರಗಳೆಂದು ಜೋಡಿಸಿ 1822 ಮಾಡಿತು, ಗುಣಿಸುವಾಗ ಅದನ್ನೇ ಸಂಖ್ಯೆಯೆಂದು ಬಗೆಯಿತು, ಎಲ್ಲಿಯೂ ತಡೆದು ಕೇಳಲಿಲ್ಲ. ನಲವತ್ತು ಟನ್ ಕಬ್ಬಿಗೆ ಐವತ್ನಾಲ್ಕು ಲಕ್ಷ ಎಂದರೆ ರೈತನ ಮನೆಯ ಮಗುವಿಗೆ ತಪ್ಪು ಹೊಳೆಯುತ್ತದೆ. ಪರಿಚಯವಿಲ್ಲದ ಲೆಕ್ಕದಲ್ಲಾದರೆ ಹೊಳೆಯುವುದಿಲ್ಲ. ಐದರಲ್ಲಿ ಹೊಸಬರನ್ನು ಅತಿ ಹೆಚ್ಚು ದಾರಿ ತಪ್ಪಿಸಬಲ್ಲ ನಡತೆ ಇದೆಂದು ನನ್ನ ಅಭಿಪ್ರಾಯ. ‘ಲೋಡ್‌ತೂಕ’ ಎಂಬ ಹೆಸರನ್ನು ಇದು ಒಪ್ಪುತ್ತದೆ, ಆದರೆ ೧೮ ಎಂಬ ಕನ್ನಡ ಅಂಕಿಯನ್ನು ಸಂಖ್ಯೆಯಾಗಿ ಓದಲಾರದು.

ಜಾವಾ ಇದಕ್ಕೆ ತದ್ವಿರುದ್ಧ. ಅಕ್ಷರಗಳಾಗಿ ಓದಿದ ತೂಕವನ್ನು ಗುಣಿಸಲು ಹೋದರೆ ಅದು ಪ್ರೋಗ್ರಾಮನ್ನು ಓಡಲೇ ಬಿಡುವುದಿಲ್ಲ. ಮೊದಲು ತಿದ್ದಿ ಬನ್ನಿ ಎಂದು ಕಂಪೈಲರ್ ಬಾಗಿಲಲ್ಲೇ ನಿಲ್ಲಿಸುತ್ತದೆ. ಹೆಸರಿನ ಕಾಗುಣಿತ ತಪ್ಪಿದ್ದರೆ ಪೈಥಾನ್ ಆ ಸಾಲಿಗೆ ಬಂದಾಗ ಮಾತ್ರ ಹೇಳುತ್ತದೆ, ಜಾವಾ ಮೊದಲೇ ಹೇಳುತ್ತದೆ. ಶಿಸ್ತು ಇಷ್ಟಪಡುವ, ನಿಧಾನವಾಗಿ ಕಲಿಯಲು ಸಿದ್ಧವಿರುವ ವಿದ್ಯಾರ್ಥಿಗೆ ಇದು ಕಿರಿಕಿರಿಯಲ್ಲ, ಆಸರೆ. ಐಸಿಎಸ್‌ಇ 10ನೇ ತರಗತಿಯಲ್ಲಿ ಕಂಪ್ಯೂಟರ್ ಅಪ್ಲಿಕೇಷನ್ಸ್ ಓದುವವರಿಗೆ ಜಾವಾ ಹೇಗೂ ಬರುತ್ತದೆ. ಅರ್ಥ ಹೇಳದೆ ಉರು ಹೊಡೆಸುವ ಪೀಠಿಕೆಯ ಸಾಲುಗಳು ಈ ಭಾಷೆಗೆ ಕೆಟ್ಟ ಹೆಸರು ತಂದಿದ್ದವು. 2025ರ ಸೆಪ್ಟೆಂಬರಿನಲ್ಲಿ ಬಂದ 25ನೇ ಆವೃತ್ತಿಯಲ್ಲಿ ಸಣ್ಣ ಪ್ರೋಗ್ರಾಮುಗಳಿಗೆ ಅವು ಹೆಚ್ಚುಕಡಿಮೆ ಬೇಡವಾಗಿವೆ. ಖ್ಯಾತಿ ಮಾತ್ರ ಹಳೆಯದೇ ಉಳಿದಿದೆ. ಕೆಲಸ ಖಚಿತ ಎಂಬ ಮಾತಿಗೆ ನನ್ನ ಉತ್ತರ: ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಹೊಸ ಎಂಜಿನಿಯರುಗಳಿಗೆ ತಿಂಗಳುಗಟ್ಟಲೆ ತರಬೇತಿ ನಡೆಯುವುದು ಎಲ್ಲರಿಗೂ ಗೊತ್ತು. ಕಂಪನಿಗಳು ತಮಗೆ ಬೇಕಾದ ಭಾಷೆಯನ್ನು ತಾವೇ ಕಲಿಸುತ್ತವೆ. ಒಂದು ಭಾಷೆಯನ್ನಾದರೂ ಆಳವಾಗಿ ಬಲ್ಲವನಿಗೆ ಆ ತರಬೇತಿ ಹಗುರವಾಗುತ್ತದೆ.

ಸ್ಕ್ರ್ಯಾಚ್ ಮಕ್ಕಳಾಟವೆಂದು ತಳ್ಳಿಹಾಕುವವರು ಒಮ್ಮೆ ನಮ್ಮ ಬಿಲ್ಲನ್ನು ಅದರಲ್ಲಿ ಮಾಡಿ ನೋಡಬೇಕು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್ 2007ರಲ್ಲಿ ಮುಖ್ಯವಾಗಿ 8ರಿಂದ 16 ವರ್ಷದವರಿಗಾಗಿ ಹೊರತಂದ ಇದರಲ್ಲಿ ಟೈಪಿಸುವ ಬದಲು ಬಣ್ಣದ ತುಂಡುಗಳನ್ನು ಜೋಡಿಸುತ್ತೇವೆ. ಕೂಡುವ ತುಂಡು ಬೇರೆ, ಅಕ್ಷರ ಜೋಡಿಸುವ ತುಂಡು ಬೇರೆ. ಆದ್ದರಿಂದ 18 ಮತ್ತು 22 ಮೊದಲ ಸಲಕ್ಕೇ 40 ಆಗುತ್ತದೆ, ಮೊತ್ತ 120000 ಬರುತ್ತದೆ. ದೊಡ್ಡ ಭಾಷೆಗಳು ಒಂದೇ ಚಿಹ್ನೆಯಲ್ಲಿ ಬೆರೆಸಿಟ್ಟ ಗೊಂದಲವನ್ನು ಇಲ್ಲಿ ಯೋಚಿಸಿ ಬಿಡಿಸಿದ್ದಾರೆ. ಒಂದೇ ಎಚ್ಚರಿಕೆ: ಅಂಕಿಯ ಬದಲು ‘ಹದಿನೆಂಟು’ ಎಂದು ಬರೆದರೆ ಅದನ್ನು ಸೊನ್ನೆಯೆಂದು ಎಣಿಸಿ ಸುಮ್ಮನೆ 66000 ಎನ್ನುತ್ತದೆ. ಹದಿನಾರು ದಾಟಿದವರಿಗೆ ಇದು ಒಂದು ವಾರದ ಅಭ್ಯಾಸಕ್ಕೆ ಸಾಕು.

ಖರ್ಚು ಮತ್ತು ಯಂತ್ರ

ಐದೂ ಭಾಷೆಗಳು ಉಚಿತ. ಖರ್ಚಾಗುವುದು ಯಂತ್ರಕ್ಕೆ ಮತ್ತು ತರಗತಿಯ ಶುಲ್ಕಕ್ಕೆ. ನಾಲ್ಕು ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಸಿ, ಪೈಥಾನ್ ಎರಡೂ ಆರಾಮವಾಗಿ ನಡೆಯುತ್ತವೆ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆಂದೇ ಬೆಳೆದ ಥಾನಿ ಎಂಬ ಉಚಿತ ತಂತ್ರಾಂಶದಲ್ಲಿ ಪೈಥಾನ್ ಪ್ರೋಗ್ರಾಂ ಒಂದೊಂದೇ ಹೆಜ್ಜೆಯಾಗಿ ಓಡುವುದನ್ನು ಕಣ್ಣಾರೆ ನೋಡಬಹುದು. ಮೊಬೈಲ್ ಆ್ಯಪ್ ಮಾಡುವ ಆಸೆಯಿಂದ ಆಂಡ್ರಾಯ್ಡ್ ಸ್ಟುಡಿಯೋ ಹಾಕಿಕೊಳ್ಳುವವರಿಗೆ ಅಷ್ಟು ರ‍್ಯಾಮ್ ಸಾಲದು. ಕೈಯಲ್ಲಿ ಮೊಬೈಲ್ ಮಾತ್ರ ಇರುವವರಿಗೆ ಪೈಥಾನ್ ಓಡಿಸುವ ಆ್ಯಪುಗಳಿವೆ, ಜಾವಾಸ್ಕ್ರಿಪ್ಟಿಗೆ ಬ್ರೌಸರ್ ಇದೆ. ಸ್ಕ್ರ್ಯಾಚ್‌ನಲ್ಲಿ ತುಂಡು ಜೋಡಿಸಲು ಕನಿಷ್ಠ ಟ್ಯಾಬ್ ಬೇಕು. ತರಗತಿಗೆ ಹಣ ಕಟ್ಟುವ ಮುನ್ನ ಎರಡು ವಾರ ನೀವೇ ಕೂತು ಮಾಡಿ; ಆಗ ಏನು ಕೇಳಿ ಕಲಿಯಬೇಕೆಂದು ತಿಳಿದಿರುತ್ತದೆ.

ಯಾರಿಗೆ ಯಾವುದು

ಶಾಲೆಯ ಮಗುವಾದರೆ, ಮನೆಯಲ್ಲಿ ಟ್ಯಾಬ್ ಅಥವಾ ಲ್ಯಾಪ್‌ಟಾಪ್ ಇದ್ದರೆ, ಹಿಂದುಮುಂದು ನೋಡದೆ ಸ್ಕ್ರ್ಯಾಚ್. ಬಿಕಾಂ ಮುಗಿಸಿ ಅಂಗಡಿಯದೋ ಸಹಕಾರ ಸಂಘದದೋ ಲೆಕ್ಕ ನೋಡುವವರಿಗೆ ಪೈಥಾನ್. ಎಕ್ಸೆಲ್ ಹಾಳೆಗಳನ್ನು ಓದಿ, ನೂರು ಸದಸ್ಯರ ಬಿಲ್ಲನ್ನು ಒಂದೇ ಏಟಿಗೆ ತಯಾರಿಸುವ ಕೆಲಸ ಆರು ತಿಂಗಳೊಳಗೆ ಕೈಗೆ ಬರುತ್ತದೆ. ಮೈಸೂರಿನಲ್ಲಿ ಹೋಂಸ್ಟೇ ನಡೆಸುತ್ತ ಅದರ ಜಾಲತಾಣವನ್ನು ತಾವೇ ಕಟ್ಟಬೇಕೆಂದಿರುವವರಿಗೆ ಜಾವಾಸ್ಕ್ರಿಪ್ಟ್ ತಪ್ಪಿದ್ದಲ್ಲ. ಅವರು ಕೀಲಿಮಣೆಯಿಂದ ಬಂದ ಪ್ರತಿಯೊಂದು ಅಂಕಿಯನ್ನೂ ಸಂಖ್ಯೆಯಾಗಿ ಬದಲಿಸಿಕೊಂಡೇ ಬಳಸುವ ಅಭ್ಯಾಸವನ್ನು ಮೊದಲ ದಿನದಿಂದ ಇಟ್ಟುಕೊಳ್ಳಲಿ. ಗದ್ದೆಯ ಪಂಪ್‌ಸೆಟ್ಟನ್ನು ತಾನಾಗಿ ಆನ್ ಆಫ್ ಮಾಡುವ ಸಾಧನ ಮಾಡಬೇಕೆಂಬ ಹುಡುಗನಿಗೆ ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡು ಸಿ ಕುಟುಂಬದ ಭಾಷೆಯನ್ನೇ ಕೇಳುತ್ತದೆ. ಉತ್ಸಾಹವಿದ್ದವನಿಗೆ ಸಿಯ ಮೌನವೂ ಸಹ್ಯವಾಗುತ್ತದೆ.

ಹೆಚ್ಚು ಗೊಂದಲದಲ್ಲಿರುವವರು ಎಂಜಿನಿಯರಿಂಗ್ ಸೀಟು ಸಿಕ್ಕಿರುವವರು, ಏಕೆಂದರೆ ವಿಟಿಯು ಪಠ್ಯದಲ್ಲಿ ಬಹಳ ಮಂದಿಗೆ ಮೊದಲ ವರ್ಷವೇ ಸಿ ಎದುರಾಗುತ್ತದೆ. ಅವರಿಗೆ ನನ್ನ ಸಲಹೆ ಸ್ಪಷ್ಟ. ತರಗತಿ ಶುರುವಾಗುವ ಮುನ್ನ ಸಿಗುವ ಬಿಡುವಿನಲ್ಲಿ ಪೈಥಾನ್ ಹಿಡಿಯಿರಿ. ಷರತ್ತು, ಪುನರಾವರ್ತನೆ, ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಸೂಚನೆಗಳ ಗುಂಪು) ಎಂಬ ಮೂರು ವಿಚಾರಗಳು ಅಲ್ಲಿ ಬೇಗ ಗಟ್ಟಿಯಾಗುತ್ತವೆ, ಅವೇ ಸಿಯಲ್ಲೂ ಬರುತ್ತವೆ. ಸಿ ತರಗತಿ ಶುರುವಾದ ಮೇಲೆ ಮನೆಯಲ್ಲಿ ಜಿಸಿಸಿ ಹಾಕಿಕೊಂಡು ಅದೇ ಕಬ್ಬಿನ ಬಿಲ್ಲನ್ನು ಮತ್ತೆ ಬರೆಯಿರಿ. ಕಾಲೇಜಿನ ಲ್ಯಾಬಿನಲ್ಲಿ ಇನ್ನೂ ನೀಲಿ ಪರದೆಯೇ ಇದ್ದರೆ ತೂಕ, ದರ, ಮೊತ್ತ ಮೂರನ್ನೂ ಎರಡು ಬೈಟಿನ ಪೂರ್ಣಾಂಕವಾದ ‘ಇಂಟ್’ ಬದಲು ನಾಲ್ಕು ಬೈಟಿನ ‘ಲಾಂಗ್’ ಎಂದು ಘೋಷಿಸಿ, ಓದುವಾಗಲೂ ಮುದ್ರಿಸುವಾಗಲೂ ಶೇಕಡಾ ಚಿಹ್ನೆಯ ಮುಂದೆ ‘ಡಿ’ ಬದಲು ‘ಎಲ್‌ಡಿ’ ಬರೆಯಿರಿ. ಆಗ ಆ ಹಳೆಯ ಯಂತ್ರದ ಮೇಲೂ 120000 ಸರಿಯಾಗಿ ಬರುತ್ತದೆ, ಮತ್ತು ಏಕೆ ಬಂತೆಂಬುದೂ ನಿಮಗೆ ಗೊತ್ತಿರುತ್ತದೆ.